ವಿಮಾನಕ್ಕೂ ವಕೀಲರೇ?

ತುರುವೇಕೆರೆಯ ಕಡೆಯ ತೆಂಗಿನ ತೋಟದ ಗೃಹಸ್ಥರೊಬ್ಬರು, ಹಿಂದೆ ನಮ್ಮಲ್ಲಿ ಓದಿದವರು, ಮೊನ್ನೆ ಮನೆಗೆ ಬಂದಿದ್ದರು. ವಿಮಾನದ ಕಂಪೆನಿಗಳಿಗೆ ಸಲಹೆ ಹೇಳುವ ವಕೀಲಳಾಗಬೇಕೆಂದು ಅವರ ಮಗಳಿಗೆ ಹಂಬಲವಂತೆ. “ಮೇಷ್ಟ್ರೇ, ಆಕಾಶದಲ್ಲಿ ಬದುವಿನ ಜಗಳವುಂಟೆ? ಅಲ್ಲಿ ವಕೀಲರಿಗೇನು ಕೆಲಸ?” ಎಂದರು. ಈ ಸಂಶಯ ಅನೇಕ ಮನೆಗಳದ್ದಾಗಿರಬಹುದಾದ ಕಾರಣ ಉತ್ತರವನ್ನು ಇಲ್ಲಿಯೇ ಬರೆಯುತ್ತೇವೆ.

ನಮ್ಮ ಅಟ್ಟದಿಂದಲೇ ಆರಂಭಿಸೋಣ. ತಿಂಗಳುಗಟ್ಟಲೆ ಒಣಗಿ, ನೀರಿಂಗಿ, ಚಿಪ್ಪಿನೊಳಗೆ ಉರುಳಾಡುವ ಉಂಡೆಕೊಬ್ಬರಿ ನಮಗೆ ಮಂಗಳದ್ರವ್ಯ. ವಿಮಾನಸಾಗಣೆಯ ಅಂತರರಾಷ್ಟ್ರೀಯ ನಿಯಮಗಳಲ್ಲಾದರೋ ಕೊಬ್ಬರಿಯು 1363ನೆಯ ಸಂಖ್ಯೆಯ ಅಪಾಯಕಾರಿ ಸರಕು. ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದಾದ ಪದಾರ್ಥಗಳ ವರ್ಗಕ್ಕೆ ಸೇರಿದ್ದು. ತಾಯಿ ಕಟ್ಟಿಕೊಟ್ಟ ಕೊಬ್ಬರಿಯನ್ನು ನಿಲ್ದಾಣದಲ್ಲಿ ತೆಗೆಸುವುದು ಈ ಕಾರಣದಿಂದಲೇ. ಆಕಾಶದಲ್ಲಿ ಬದುವಿಲ್ಲ ನಿಜ. ವಿಧಿನಿಷೇಧಗಳು ಮಾತ್ರ ಹೇರಳವಾಗಿವೆ.

ವಿಮಾನಸಂಸ್ಥೆಗಳು ಹಾರಿಸುವ ವಿಮಾನಗಳಲ್ಲಿ ಅನೇಕವು ಬಾಡಿಗೆಯವು. ಒಡೆಯನು ಒಂದು ದೇಶದವನು, ಸಾಲ ಕೊಟ್ಟವನು ಮತ್ತೊಂದು ದೇಶದವನು. ಸಂಸ್ಥೆಯು ದಿವಾಳಿಯಾದರೆ ವಿಮಾನ ಯಾರ ಪಾಲು? ಇದಕ್ಕೆಂದೇ 2001ರಲ್ಲಿ ಕೇಪ್‌ಟೌನ್ ಒಪ್ಪಂದವಾಯಿತು. 2008ರಲ್ಲಿ ಅದಕ್ಕೆ ಸೇರಿದ ಭಾರತವು 2025ರಲ್ಲಿ ಅದನ್ನು ತನ್ನ ಕಾನೂನಾಗಿಸಿಕೊಂಡಿತು. 1934ರ ವಿಮಾನ ಕಾಯಿದೆಯ ಸ್ಥಾನಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮವು ಬಂದಿದೆ. ವಿಮಾನ ಕಟ್ಟುವ ಉದ್ಯಮವೂ ನಮಗೆ ದೂರದ್ದಲ್ಲ. ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಯು 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಇಂಥ ಉದ್ಯಮದಲ್ಲಿ ಬಿಡಿಭಾಗವೊಂದು ಕೆಟ್ಟರೆ ಹೊಣೆ ಯಾರದೆಂಬುದನ್ನು ಅದು ಕೆಡುವ ಮೊದಲೇ ಕರಾರಿನಲ್ಲಿ ಬರೆದಿಡತಕ್ಕವರು ವಕೀಲರು.

ಆ ಬರೆಹದ ಒಂದು ವಾಕ್ಯದ ಬೆಲೆಯೆಷ್ಟು? 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ಬಿದ್ದು 158 ಮಂದಿ ಮಡಿದರು. 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ ಪರಿಹಾರಕ್ಕೆ ಒಂದು ಮೊತ್ತ ಹೇಳಿದೆ. ಆಗಿನ ಲೆಕ್ಕಕ್ಕೆ ಸುಮಾರು 75 ಲಕ್ಷ ರೂಪಾಯಿ. ಅದು ಪ್ರತಿಯೊಂದು ಕುಟುಂಬಕ್ಕೂ ಕೊಡಲೇಬೇಕಾದ ಕನಿಷ್ಠವೋ, ಅಥವಾ ನಷ್ಟವನ್ನು ಸಾಧಿಸಿ ತೋರಿಸಿದವರಿಗೆ ಅಷ್ಟರವರೆಗೆ ಸಂಸ್ಥೆಯು ಹೊಣೆ ತಪ್ಪಿಸಿಕೊಳ್ಳಲಾಗದ ಮಿತಿಯೋ? 2011ರಲ್ಲಿ ಕೇರಳದ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಮೊದಲನೆಯ ಅರ್ಥ ಹೇಳಿತು. ಅದೇ ವರ್ಷ ದ್ವಿಸದಸ್ಯ ಪೀಠವು ಎರಡನೆಯದನ್ನು ಎತ್ತಿಹಿಡಿಯಿತು. ವಾಕ್ಯವೊಂದೇ, ಅರ್ಥವೆರಡು. ನಾವು ಮೀಮಾಂಸೆಯಲ್ಲಿ ಓದಿದ ವಾಕ್ಯಾರ್ಥವಿಚಾರವು ಇಲ್ಲಿ ಅನಾಥರಾದ ಮಕ್ಕಳ ಅನ್ನದ ಪ್ರಶ್ನೆಯಾಗಿ ನಿಂತಿತು. ಮೃತರೊಬ್ಬರ ಕುಟುಂಬಕ್ಕೆ ಸರ್ವೋಚ್ಚ ನ್ಯಾಯಾಲಯವು 7.64 ಕೋಟಿ ರೂಪಾಯಿ ಪರಿಹಾರ ನಿಶ್ಚಯಿಸಿದ್ದು 2020ರಲ್ಲಿ. ಅಷ್ಟರಲ್ಲಿ ಹತ್ತು ವರ್ಷಗಳು ಸಂದಿದ್ದವು.

ಕುಟುಂಬಗಳ ಪರವಾಗಿಯೂ ಸಂಸ್ಥೆಯ ಪರವಾಗಿಯೂ ವಾದಿಸುವವರು ವಕೀಲರೇ. ಕಂಪೆನಿಗೆ ಸಲಹೆ ಹೇಳುವವರು ಅದರ ಹಣ ಕಾಯಬೇಕಾದುದು ಧರ್ಮವೇ ಸರಿ. ಆದರೆ ಕೊಡಬೇಕಾದುದನ್ನು ಕಾಲಕ್ಕೆ ಸರಿಯಾಗಿ ಕೊಟ್ಟುಬಿಡಿರೆಂದು ತನ್ನ ಕಕ್ಷಿಗಾರನಿಗೇ ಹೇಳುವ ಧೈರ್ಯವೂ ಆ ಧರ್ಮದೊಳಗೆ ಸೇರಿದೆ.

ಪಿ.ಯು.ಸಿ. ಮುಗಿಸಿ, ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾದರೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥಲ್ಲಿ 5 ವರ್ಷದ ವ್ಯಾಸಂಗ; ಅನಂತರ ಹಿರಿಯರ ಕೈಕೆಳಗೆ ಕೆಲವು ವರ್ಷಗಳ ದುಡಿಮೆ. ತೆಂಗು ನೆಟ್ಟವರಿಗೆ ಕಾಯುವುದು ಹೊಸದಲ್ಲವಷ್ಟೆ.

“ಹಾಗಾದರೆ ಓದಲಿ ಬಿಡಿ, ಮೇಷ್ಟ್ರೇ” ಎಂದು ಅವರು ಎದ್ದರು. ಮಗಳನ್ನು ಒಮ್ಮೆ ಕರೆತರುವಂತೆ ಹೇಳಿ ಕಳುಹಿಸಿದೆವು. ಅವಳಿಗೆ ಹೇಳಬೇಕಾದುದು ಒಂದೇ ಮಾತು: ಯಾವ ಕರಾರನ್ನು ಬರೆದರೂ, ವಿಮಾನವೇರಿ ಹಿಂದಿರುಗದವರ ಮನೆಯವರು ಎದುರಿಗೆ ಕುಳಿತಿದ್ದಾರೆಂದು ಭಾವಿಸಿ ಬರೆಯಮ್ಮ.