ಗಾಡಿಯ ಪಿಚಕಾರಿ ಕಟ್ಟಿದರೆ



ಪಂಪ್ ಸ್ಟೌ ನಿಮಗೆ ಗೊತ್ತೇ ಇದೆ. ಅದರ ಬಾಯಲ್ಲಿ ಒಂದು ಸಣ್ಣ ತೂತು. ಅದರಲ್ಲಿ ಮಸಿ ಕಟ್ಟಿದರೆ ಉರಿ ಕೆಂಪಗಾಗುತ್ತದೆ. ಪಾತ್ರೆಯೆಲ್ಲ ಕರಿ. ಸೀಮೆಎಣ್ಣೆ ಖರ್ಚೂ ಜಾಸ್ತಿ. ಪಿನ್ನು ಹಾಕಿ ತೂತು ಬಿಡಿಸಿದರೆ ಉರಿ ಮತ್ತೆ ನೀಲಿ.

ಪೆಟ್ರೋಲ್ ಕಾರಿನಲ್ಲೂ ಇಂಥ ತೂತು ಇದೆ. ಅದಕ್ಕೆ ಇಂಜೆಕ್ಟರ್ ಅಂತಾರೆ. ಇಂಜೆಕ್ಟರ್ ಅಂದರೆ ಒಂದು ಪುಟ್ಟ ಪಿಚಕಾರಿ. ಅದು ಪೆಟ್ರೋಲನ್ನು ಮಂಜಿನ ಹನಿಯ ಹಾಗೆ ಚಿಮುಕಿಸುತ್ತದೆ. ಆ ಹನಿ ಗಾಳಿಯ ಜೊತೆ ಸೇರಿ ಉರಿಯುತ್ತದೆ. ಗಾಡಿ ಓಡುತ್ತದೆ.

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಗಾಡಿಯ ಹೊಗೆಗೆ ಹೊಸ ನಿಯಮ ಬಂತು. ಅದರ ಹೆಸರು ಬಿ.ಎಸ್. 6. ಆಮೇಲೆ ಬಂದ ಪೆಟ್ರೋಲ್ ಸ್ಕೂಟರುಗಳಲ್ಲೂ ಹೆಚ್ಚಿನವಕ್ಕೆ ಇಂಜೆಕ್ಟರ್ ಇದೆ. ಸಂಘದ ಸಾಲ ತೆಗೆದು ಗಾಡಿ ಕೊಂಡವರು ಎಷ್ಟೋ ಜನ ಇದ್ದಾರೆ. ಪೆಟ್ರೋಲ್ ಹೆಚ್ಚು ಕುಡಿದರೆ ಸಾಲದ ಕಂತಿಗೇ ಏಟು. ಹಾಗಾಗಿ ಈ ವಿಷಯ ನಮಗೂ ಗೊತ್ತಿರಬೇಕು.

ಕೊಳೆ ಹೇಗೆ ಕಟ್ಟುತ್ತದೆ?

ಹಾಲು ಕಾಯಿಸಿ ಇಳಿಸಿದ ಪಾತ್ರೆ ನೋಡಿ. ತಳದಲ್ಲಿ ಉಳಿದ ಹಾಲು ಬಿಸಿಗೆ ಒಣಗಿ ಅಂಟಿಕೊಳ್ಳುತ್ತದೆ ಅಲ್ವಾ? ಇಲ್ಲಿಯೂ ಹಾಗೆಯೇ. ಓಡಿದ ಗಾಡಿ ನಿಲ್ಲಿಸಿದಾಗ ಇಂಜಿನ್ ಬಿಸಿ ಇರುತ್ತದೆ. ಇಂಜೆಕ್ಟರಿನ ತುದಿಯಲ್ಲಿ ಉಳಿದ ಪೆಟ್ರೋಲ್ ಆರುತ್ತದೆ. ಅಂಟು ಹಾಗೇ ಉಳಿಯುತ್ತದೆ. ದಿನದಿನಕ್ಕೆ ಅದು ಬೆಳೆಯುತ್ತದೆ. ಆಗ ಪಿಚಕಾರಿ ಸರಿಯಾಗಿ ಚಿಮುಕಿಸುವುದಿಲ್ಲ. ಗಾಡಿ ಬೇಗ ಸ್ಟಾರ್ಟ್ ಆಗುವುದಿಲ್ಲ. ನಿಂತಲ್ಲೇ ನಡುಗುತ್ತದೆ. ಜಗ್ಗಿ ಜಗ್ಗಿ ಹೋಗುತ್ತದೆ. ಮೈಲೇಜು ಇಳಿಯುತ್ತದೆ.

ಇದಕ್ಕೆ ಪಿನ್ನು ಹಾಕಬೇಡಿ! ಇಂಜೆಕ್ಟರಿನ ತೂತು ಬಲು ಸೂಕ್ಷ್ಮ. ಪಿನ್ನು ತಾಗಿದರೆ ಕೆಟ್ಟೇ ಹೋಗುತ್ತದೆ.

ಸೀಸೆಯ ಔಷಧಿ

ಅಂಗಡಿಯಲ್ಲಿ ಇಂಜೆಕ್ಟರ್ ಕ್ಲೀನರ್ ಅಂತ ಒಂದು ದ್ರವ ಸಿಗುತ್ತದೆ. ಇದನ್ನು ಪೆಟ್ರೋಲ್ ಟ್ಯಾಂಕಿಗೆ ಹಾಕಬೇಕು. ಇದು ಪೆಟ್ರೋಲಿನ ಜೊತೆ ಬೆರೆತು ಇಂಜೆಕ್ಟರ್ ಮೂಲಕ ಹಾಯುತ್ತದೆ. ಸೋಪು ಜಿಡ್ಡನ್ನು ಬಿಡಿಸುವ ಹಾಗೆ ಅಂಟನ್ನು ಸ್ವಲ್ಪ ಸ್ವಲ್ಪವೇ ಬಿಡಿಸುತ್ತದೆ. ಕೊನೆಗೆ ಪೆಟ್ರೋಲಿನ ಜೊತೆಗೇ ಉರಿದು ಹೋಗುತ್ತದೆ.

ಆದರೆ ಎಲ್ಲ ರೋಗಕ್ಕೂ ಇದೇ ಮದ್ದಲ್ಲ. ಏರ್ ಫಿಲ್ಟರ್ ಕೊಳೆಯಾದರೂ ಮೈಲೇಜು ಇಳಿಯಬಹುದು. ಪ್ಲಗ್ ಹಳೆಯದಾದರೂ ಗಾಡಿ ಜಗ್ಗುತ್ತದೆ. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೂ ಪೆಟ್ರೋಲ್ ಹೆಚ್ಚು ಬೇಕು. ಮೊದಲು ಇವನ್ನು ನೋಡಿಸಿ. ಗಾಳಿ ತುಂಬಿಸೋಕೆ ಎಷ್ಟು ಖರ್ಚು? ಸೀಸೆಗೆ ಎಷ್ಟು ಖರ್ಚು? ನೀವೇ ಯೋಚಿಸಿ.

ಹಾಕುವ ಕ್ರಮ

1. ಸೀಸೆಯ ಮೇಲೆ ಬರೆದದ್ದನ್ನು ಓದಿ. ಪೆಟ್ರೋಲಿಗೋ ಡೀಸೆಲಿಗೋ ನೋಡಿ. ಒಂದರದ್ದು ಇನ್ನೊಂದಕ್ಕೆ ಬೇಡ. ಸ್ಕೂಟರಿಗೂ ಆಗುತ್ತದೆ ಎಂದು ಬರೆದಿದ್ದರೆ ಮಾತ್ರ ಸ್ಕೂಟರಿಗೆ ಹಾಕಿ. ಬರಹ ಇಂಗ್ಲಿಷಿನಲ್ಲಿದ್ದರೆ ಓದಿದ ಮಕ್ಕಳನ್ನು ಕೇಳಿ. ಅಂಕಿಗಳನ್ನು ನೀವೇ ಓದಬಲ್ಲಿರಿ.

2. ಟ್ಯಾಂಕು ಖಾಲಿಯಾಗುತ್ತಾ ಬಂದಾಗ ಇಂಜಿನ್ ಆಫ್ ಮಾಡಿ. ಹತ್ತಿರ ಬೀಡಿ, ಬೆಂಕಿ, ದೀಪ ಇರಬಾರದು.

3. ಅಳತೆಯಷ್ಟೇ ಹಾಕಿ. ಆಮೇಲೆ ಪೆಟ್ರೋಲ್ ತುಂಬಿಸಿ. ಆಗ ಚೆನ್ನಾಗಿ ಬೆರೆಯುತ್ತದೆ.

4. ಆ ಪೆಟ್ರೋಲ್ ಮುಗಿಯುವವರೆಗೆ ಎಂದಿನಂತೆ ಗಾಡಿ ಓಡಿಸಿ.

ಎಷ್ಟು ಹಾಕಿದರೆ ಅಷ್ಟು ಒಳ್ಳೆಯದು ಅಂತ ತಿಳಿಯಬೇಡಿ. ಸಾರಿಗೆ ಉಪ್ಪು ಹೆಚ್ಚಾದರೆ ರುಚಿ ಬಂದೀತೇ? ಸೀಮೆಎಣ್ಣೆ, ಥಿನ್ನರ್ ಹಾಕಿದರೂ ಕ್ಲೀನ್ ಆಗುತ್ತದೆ ಅಂತ ಕೆಲವರು ಹೇಳ್ತಾರೆ. ನಂಬಬೇಡಿ. ಇಂಜಿನ್ ಹಾಳಾಗುತ್ತದೆ.

ಹಾಕಿಯೂ ಗುಣ ಕಾಣದಿದ್ದರೆ ಮತ್ತೆ ಮತ್ತೆ ಸೀಸೆ ಕೊಳ್ಳಬೇಡಿ. ಕೊಳೆ ಗಟ್ಟಿಯಾಗಿರಬಹುದು. ತೊಂದರೆ ಬೇರೆಯೇ ಇರಬಹುದು. ಮೆಕ್ಯಾನಿಕ್ ಹತ್ತಿರ ಹೋಗಿ. ಅವರು ಇಂಜೆಕ್ಟರ್ ಬಿಚ್ಚಿ ಯಂತ್ರದಲ್ಲಿ ತೊಳೆಯುತ್ತಾರೆ. ಗಾಡಿಯಲ್ಲಿ ಇಂಜಿನ್ ದೀಪ ಹತ್ತಿಕೊಂಡೇ ಇದ್ದರೆ ಮೊದಲೇ ತೋರಿಸಿ.

ಮಕ್ಕಳಿದ್ದಾರೆ, ಎಚ್ಚರ!

ಈ ದ್ರವ ವಿಷ. ಬೇಗ ಬೆಂಕಿಯೂ ಹತ್ತುತ್ತದೆ. ಉಳಿದದ್ದನ್ನು ನೀರಿನ ಬಾಟಲಿಗೆ ಸುರಿದು ಇಡಬೇಡಿ. ಅಡುಗೆಮನೆಯಲ್ಲಂತೂ ಬೇಡವೇ ಬೇಡ. ಅದರ ಸೀಸೆಯಲ್ಲೇ ಮುಚ್ಚಳ ಬಿಗಿದು ಎತ್ತರದಲ್ಲಿ ಇಡಿ. ಅಳೆಯಲು ಅಡುಗೆಯ ಚಮಚ, ಲೋಟ ಬಳಸಬೇಡಿ. ಕೈಗೆ ತಾಗಿದರೆ ಸೋಪು ಹಾಕಿ ತೊಳೆಯಿರಿ. ಪೈಪಿಟ್ಟು ಬಾಯಿಂದ ಪೆಟ್ರೋಲ್ ಎಳೆಯಬೇಡಿ.

ಮಗು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ದ್ರವ ಶ್ವಾಸಕೋಶಕ್ಕೆ ಇಳಿಯಬಹುದು. ಅದು ಪ್ರಾಣಕ್ಕೇ ಅಪಾಯ. ಕೂಡಲೇ ಆಸ್ಪತ್ರೆಗೆ ಓಡಿ. 108ಕ್ಕೆ ಫೋನ್ ಮಾಡಿ. ಸೀಸೆಯನ್ನೂ ಜೊತೆಗೆ ಒಯ್ಯಿರಿ. ಅದರ ಮೇಲಿನ ಬರಹ ಡಾಕ್ಟರಿಗೆ ಬೇಕು.

ಲೆಕ್ಕ ಮಾಡಿ

ಒಂದು ಸೀಸೆಯಲ್ಲಿ 300 ಮಿ.ಲೀ. ದ್ರವ ಇದೆ. "60 ಲೀಟರ್ ಪೆಟ್ರೋಲಿಗೆ" ಎಂದು ಬರೆದಿದೆ ಅನ್ನಿ. 1 ಲೀಟರಿಗೆ ಎಷ್ಟು ಆಯಿತು? 5 ಮಿ.ಲೀ. ಹಾಗಾದರೆ 30 ಲೀಟರ್ ಪೆಟ್ರೋಲಿಗೆ ಎಷ್ಟು ಹಾಕಬೇಕು? ಸೀಸೆಯಲ್ಲಿ ಎಷ್ಟು ಉಳಿಯುತ್ತದೆ?

ಈ ಲೆಕ್ಕ ಬಂದರೆ ಯಾರೂ ನಿಮಗೆ ಒಂದರ ಬದಲು ಎರಡು ಸೀಸೆ ಮಾರಲಾರರು.