ಏರಿಳಿಯುವ ನೀರು, ಕಡಲಾಚೆಯಿಂದ ಬಂದ ಮೀನು

2007ರ ನವೆಂಬರ್‌ನಲ್ಲಿ ಜಪಾನಿನ ಓತ್ಸು ನಗರದಲ್ಲಿ ನಡೆದ ಸಮಾರಂಭವೊಂದರಲ್ಲಿ, ಆಗ ಚಕ್ರವರ್ತಿಯಾಗಿದ್ದ ಅಕಿಹಿಟೊ ಅವರು ಒಂದು ಮೀನಿನ ವಿಚಾರವಾಗಿ ಬಹಿರಂಗವಾಗಿ ನೋವು ತೋಡಿಕೊಂಡರು. 1960ರಲ್ಲಿ ಯುವರಾಜರಾಗಿ ಅಮೆರಿಕಕ್ಕೆ ಹೋಗಿದ್ದಾಗ ಷಿಕಾಗೊ ನಗರದ ಮೇಯರ್ ಅವರಿಗೆ ಬ್ಲೂಗಿಲ್ ಎಂಬ ಸಿಹಿನೀರಿನ ಮೀನುಗಳನ್ನು ಕಾಣಿಕೆ ಕೊಟ್ಟಿದ್ದರು. ಆಹಾರಕ್ಕೆ ಒದಗೀತೆಂದು ಅವುಗಳನ್ನು ತಂದು ಸರ್ಕಾರದ ಸಂಶೋಧನಾ ಕೇಂದ್ರಕ್ಕೆ ಒಪ್ಪಿಸಿದ್ದರು. ಅದರ ಸಂತಾನ ಮುಂದೆ ಬಿವಾ ಸರೋವರವನ್ನು ತುಂಬಿ ಅಲ್ಲಿನ ಮೂಲ ಮೀನುಗಳಿಗೆ ಮುಳುವಾಯಿತು. ಸ್ವತಃ ಮತ್ಸ್ಯ ವಿಜ್ಞಾನಿಯಾದ ಅಕಿಹಿಟೊ ಅವರಿಗೆ ಅದರ ಅರ್ಥ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಆದರೆ ಬಿವಾದ ಕಥೆಯಲ್ಲಿ ಬ್ಲೂಗಿಲ್ ಒಂಟಿಯಲ್ಲ. ಅದೇ ಅಮೆರಿಕದಿಂದ ಬಂದ ದೊಡ್ಡಬಾಯಿಯ ಬ್ಯಾಸ್ ಅದರ ಜೊತೆಗಿದೆ. ಗಾಳ ಹಾಕುವವರಿಗೆ ಪರಮಪ್ರಿಯವಾದ, ಬೆಸ್ತರಿಗೆ ಕಣ್ಣಿಗಾಗದ ಮೀನು ಇದು. ಇವೆರಡರ ಜೊತೆಗೆ ಮೂರನೆಯ ಪಾತ್ರವೊಂದಿದೆ: ಮನುಷ್ಯನ ಕೈಯಿಂದ ಏರಿಳಿಯುವ ಸರೋವರದ ನೀರು.

ಬೀಗ ಹಾಕಿದ ಸರೋವರ

ಜಪಾನಿನ ಅತಿ ದೊಡ್ಡ ಸರೋವರವಾದ ಬಿವಾ, ಹಳೆಯ ರಾಜಧಾನಿ ಕ್ಯೋಟೊದ ಪಕ್ಕದ ಷಿಗಾ ಪ್ರಾಂತ್ಯದಲ್ಲಿದೆ. ಅದರ ವಿಸ್ತಾರ ಸುಮಾರು 670 ಚದರ ಕಿಲೋಮೀಟರ್; ಅತಿ ಹೆಚ್ಚಿನ ಆಳ ನೂರು ಮೀಟರ್ ದಾಟುತ್ತದೆ. ಉತ್ತರದ ಭಾಗ ಆಳ, ದಕ್ಷಿಣದ ಭಾಗ ಸರಾಸರಿ ನಾಲ್ಕು ಮೀಟರಿನಷ್ಟು ಮಾತ್ರ. ಭೂಮಿಯ ಬಹುಪಾಲು ಸರೋವರಗಳು ಕೆಲವು ಸಾವಿರ ವರ್ಷಗಳಲ್ಲಿ ಹೂಳು ತುಂಬಿ ಮರೆಯಾಗುತ್ತವೆ. ಬಿವಾದ ವಯಸ್ಸನ್ನು ಲಕ್ಷಗಟ್ಟಲೆ ವರ್ಷಗಳಲ್ಲಿ ಲೆಕ್ಕಹಾಕಬೇಕು. ಅಷ್ಟು ದೀರ್ಘ ಕಾಲದ ಒಂಟಿತನದಲ್ಲಿ ಬೇರೆಲ್ಲೂ ಕಾಣದ ಮೀನು, ಚಿಪ್ಪು, ಗಿಡಗಳು ಅಲ್ಲಿ ರೂಪುಗೊಂಡಿವೆ.

ಸುತ್ತಲಿನ ಬೆಟ್ಟಗಳಿಂದ ನೂರಕ್ಕೂ ಹೆಚ್ಚು ನದಿಗಳು ಸರೋವರಕ್ಕೆ ಇಳಿಯುತ್ತವೆ. ಹೊರಗೆ ಹರಿಯುವ ಸಹಜ ನದಿ ಮಾತ್ರ ಒಂದೇ, ಸೆತಾ. ಬಾಯಿ ಚಿಕ್ಕದಾದ ಕೊಡದಂತೆ, ಮಳೆ ಜೋರಾದಾಗ ಸರೋವರ ಉಕ್ಕುತ್ತಿತ್ತು. 1896ರ ಮಹಾಮಳೆಯಲ್ಲಿ ನೀರು ನಿಗದಿತ ಗುರುತಿಗಿಂತ 3.76 ಮೀಟರ್ ಮೇಲೇರಿ ದಡದ ಊರುಗಳನ್ನು ಮುಳುಗಿಸಿತು. ಆ ನೆನಪಿನಲ್ಲೇ ಸೆತಾ ನದಿಯನ್ನು ತೋಡಿ ಅಗಲಗೊಳಿಸಲಾಯಿತು. 1905ರಲ್ಲಿ ಅದಕ್ಕೆ ಅಡ್ಡಲಾಗಿ ಒಡ್ಡು ಎದ್ದಿತು. 1961ರಲ್ಲಿ ಅದರ ಸಮೀಪವೇ ಯಂತ್ರದಿಂದ ತೆರೆದು ಮುಚ್ಚುವ ಬಾಗಿಲುಗಳ ಹೊಸ ಒಡ್ಡು ಬಂತು. ಅಲ್ಲಿಗೆ ಸರೋವರಕ್ಕೆ ಬೀಗ ಬಿದ್ದಂತಾಯಿತು. ಬೀಗದ ಕೈ ಎಂಜಿನಿಯರುಗಳ ಬಳಿ ಉಳಿಯಿತು.

1972ರಿಂದ 1997ರವರೆಗೆ ನಡೆದ ಬೃಹತ್ ಅಭಿವೃದ್ಧಿ ಯೋಜನೆಯ ಗುರಿ ಎರಡು: ದಡದವರಿಗೆ ನೆರೆಯಿಂದ ರಕ್ಷಣೆ, ಕೆಳಗಿನ ಒಸಾಕಾ, ಕೊಬೆ ನಗರಗಳಿಗೆ ನೀರು. ಇಂದು ಒಂದು ಕೋಟಿಗೂ ಹೆಚ್ಚು ಜನ ಈ ಸರೋವರದ ನೀರು ಕುಡಿಯುತ್ತಾರೆ. 1992ರಲ್ಲಿ ನೀರಿನ ಮಟ್ಟಕ್ಕೆ ಹೊಸ ನಿಯಮ ಬಂತು. ಅದರ ಪ್ರಕಾರ ಚಳಿಗಾಲ ಮತ್ತು ವಸಂತದಲ್ಲಿ ಗುರುತಿಗಿಂತ 30 ಸೆಂಟಿಮೀಟರಿನವರೆಗೆ ಮೇಲೆ ನೀರು ನಿಲ್ಲಿಸಬಹುದು. ಮಳೆಗಾಲ ಕಾಲಿಡುವ ಜೂನ್ ಮಧ್ಯದ ಹೊತ್ತಿಗೆ ಗುರುತಿಗಿಂತ 20 ಸೆಂಟಿಮೀಟರ್ ಕೆಳಗೆ ಇಳಿಸಿರಬೇಕು. ಅಂದರೆ ಅರ್ಧ ಮೀಟರ್ ಇಳಿತ. ಕಾಗದದ ಮೇಲೆ ಇದು ಸಣ್ಣ ಅಂಕಿ. ನೀರಂಚಿನಲ್ಲಿ ಬದುಕುವ ಜೀವಿಗೆ ಅಷ್ಟೇ ಸರ್ವಸ್ವ.

ಬ್ಯಾಸ್ ಬಂದ ದಾರಿ

ಬ್ಯಾಸ್ ಮೀನನ್ನು ಜಪಾನಿಗೆ ಮೊದಲು ತಂದವರು ಅಕಾಬೋಷಿ ತೆತ್ಸುಮಾ ಎಂಬ ಉದ್ಯಮಿ. 1925ರಲ್ಲಿ ಅಮೆರಿಕದಿಂದ ತರಿಸಿ ಹಕೋನೆ ಬೆಟ್ಟಸೀಮೆಯ ಅಷಿ ಸರೋವರದಲ್ಲಿ ಅದನ್ನು ಬಿಟ್ಟರು. ಬಹುಕಾಲ ಅದು ಕೆಲವೇ ಜಾಗಗಳಿಗೆ ಸೀಮಿತವಾಗಿತ್ತು. 1970ರ ದಶಕದಲ್ಲಿ ಕೃತಕ ಎರೆಯಿಂದ ಗಾಳ ಹಾಕುವ ಅಮೆರಿಕದ ಹವ್ಯಾಸ ಜಪಾನಿನ ತರುಣರನ್ನು ಹಿಡಿದುಕೊಂಡಿತು. ಅದರ ಬೆನ್ನಿಗೇ ಬ್ಯಾಸ್ ಊರೂರಿನ ಕೆರೆ ಸರೋವರಗಳಲ್ಲಿ ಕಾಣಿಸತೊಡಗಿತು. ಬಿವಾದಲ್ಲಿ ಅದು ಪತ್ತೆಯಾದದ್ದು 1974ರಲ್ಲಿ. ಮುಂದಿನ ಹತ್ತು ವರ್ಷಗಳಲ್ಲಿ ಲೆಕ್ಕಕ್ಕೆ ಸಿಗದಷ್ಟು ಹೆಚ್ಚಿತು.

ಅದರ ಯಶಸ್ಸಿನ ಗುಟ್ಟು ಸಂಸಾರದಲ್ಲಿದೆ. ವಸಂತದಲ್ಲಿ ನೀರು ಬೆಚ್ಚಗಾದಾಗ ಗಂಡು ಮೀನು ದಡದ ಬಳಿ ಮರಳು, ಗರಸಿನ ನೆಲವನ್ನು ಬಾಲದಿಂದ ಗುಡಿಸಿ ತಟ್ಟೆಯಂಥ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಕಾವಲು ನಿಲ್ಲುವುದು ಗಂಡೇ. ಮರಿಗಳು ಹೊರಬಂದ ಮೇಲೂ ಕೆಲಕಾಲ ಅವುಗಳ ಬೆನ್ನಿಗಿರುತ್ತದೆ. ಮೊಟ್ಟೆಯಿಟ್ಟು ಹೊರಟುಬಿಡುವ ಸ್ಥಳೀಯ ಮೀನುಗಳ ಮುಂದೆ ಇದು ದೊಡ್ಡ ಅನುಕೂಲ.

ನೀರಿನ ಏರಿಳಿತವನ್ನು ಬ್ಯಾಸ್ ಬೇಟೆಗಾರರು ಪಂಚಾಂಗದಂತೆ ಓದುತ್ತಾರೆ. ನೀರು ಏರಿ ಜೊಂಡು, ಪೊದೆಗಳು ಮುಳುಗಿದಾಗ ಮೀನು ಆಹಾರ ಹುಡುಕುತ್ತಾ ದಡದೊಳಕ್ಕೆ ನುಗ್ಗುತ್ತದೆ. ಗಾಳವನ್ನೂ ಅಲ್ಲಿಗೇ ಎಸೆಯಬೇಕು. ನೀರು ಇಳಿಯತೊಡಗಿದೊಡನೆ ಅದು ಹಿಂದೆ ಸರಿದು, ಇಳಿಜಾರು ಶುರುವಾಗುವ ಅಂಚಿನಲ್ಲೋ ಕಲ್ಲುರಾಶಿಯ ಮರೆಯಲ್ಲೋ ನಿಲ್ಲುತ್ತದೆ. ಕೆಲವೇ ಬೆರಳು ನೀರು ಇಳಿದರೂ ನಿನ್ನೆಯ ಜಾಗ ಇಂದು ಬರಿದು.

1994ರ ಬರಗಾಲ ಈ ಲೆಕ್ಕವನ್ನೆಲ್ಲ ಅಡಿಮೇಲು ಮಾಡಿತು. ಆ ಸೆಪ್ಟೆಂಬರ್‌ನಲ್ಲಿ ನೀರು ಗುರುತಿಗಿಂತ 1.23 ಮೀಟರ್ ಕೆಳಗಿಳಿದು ದಾಖಲೆಯಾಯಿತು. 16ನೆಯ ಶತಮಾನದಲ್ಲಿ ಸೇನಾನಿ ಅಕೆಚಿ ಮಿತ್ಸುಹಿದೆ ಕಟ್ಟಿಸಿದ್ದ ಸಕಮೊತೊ ಕೋಟೆಯ ಬುಡದ ಕಲ್ಲುಗಳು ನೀರಿನಿಂದ ಮೇಲೆದ್ದವು. ಅದಕ್ಕಿಂತ ದೊಡ್ಡ ಬದಲಾವಣೆ ನೀರಿನೊಳಗೆ ನಡೆದಿತ್ತು. ದಕ್ಷಿಣದ ತೆಳು ನೀರಿನಲ್ಲಿ ಬಿಸಿಲು ತಳ ಮುಟ್ಟಿದ್ದರಿಂದ ಜಲಸಸ್ಯಗಳು ಚಿಗುರಿ, ಮುಂದಿನ ವರ್ಷಗಳಲ್ಲಿ ತಳದ ಬಹುಭಾಗವನ್ನು ಆವರಿಸಿದವು. ದೋಣಿಯವರಿಗೆ ಅದು ಕಾಟ, ಕಳೆಯ ಮರೆಯಲ್ಲಿ ಹೊಂಚುಹಾಕುವ ಬ್ಯಾಸ್‌ಗೆ ಒಳ್ಳೆಯ ತಾಣ.

2009ರ ಜುಲೈ 2ರಂದು ಕುರಿತಾ ಮನಾಬು ಎಂಬುವರು ಬಿವಾದಲ್ಲಿ ಹತ್ತು ಕಿಲೋ ಮೀರಿದ ಬ್ಯಾಸ್ ಹಿಡಿದರು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1932ರಲ್ಲಿ ಜಾರ್ಜ್ ಪೆರಿ ಸ್ಥಾಪಿಸಿದ್ದ ವಿಶ್ವದಾಖಲೆಗೆ ಅದನ್ನು ಸಮವೆಂದು ಒಪ್ಪಲಾಯಿತು. ತೂಕ ತುಸು ಹೆಚ್ಚೇ ಇತ್ತು. ಆದರೆ ಹಳೆಯ ದಾಖಲೆ ಮುರಿಯಲು ನಿಯಮ ಕೇಳುವಷ್ಟು ಅಂತರವಿರಲಿಲ್ಲ. ಗಾಳಕ್ಕೆ ಅವರು ಸಿಕ್ಕಿಸಿದ್ದು ಜೀವಂತ ಬ್ಲೂಗಿಲ್.

ಗದ್ದೆಗೆ ಬರುತ್ತಿದ್ದ ಮೀನು

ಇದೇ ದಡದ ಊರುಗಳ ಹೆಮ್ಮೆಯ ತಿನಿಸು ಫುನಾಜುಷಿ. ಇಂದು ಲೋಕಪ್ರಸಿದ್ಧವಾಗಿರುವ ಸುಷಿಯ ಪುರಾತನ ರೂಪವಿದು. ನಿಗೊರೊಬುನಾ ಎಂಬ, ಗೆಂಡೆಯ ಬಳಗಕ್ಕೆ ಸೇರಿದ ಬಿವಾದ ಮೀನನ್ನು ವಸಂತದಲ್ಲಿ ಮೊಟ್ಟೆ ತುಂಬಿರುವಾಗಲೇ ಹಿಡಿದು ಉಪ್ಪಿನಲ್ಲಿ ಹಾಕಿಡುತ್ತಾರೆ. ಕಡುಬೇಸಿಗೆಯಲ್ಲಿ ಅದನ್ನು ತೊಳೆದು, ಅನ್ನದ ಪದರಗಳ ನಡುವೆ ಒತ್ತಿ, ಮೇಲೆ ಭಾರವಿಟ್ಟು ತಿಂಗಳುಗಟ್ಟಲೆ ಹುಳಿಬರಿಸುತ್ತಾರೆ. ಘಾಟು ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಂಡರೂ ಮನೆಯವರಿಗೆ ಅದು ಹಬ್ಬದೂಟ, ಹೊಟ್ಟೆ ಕೆಟ್ಟಾಗ ಮದ್ದು.

ಈ ಮೀನು ಮೊಟ್ಟೆಯಿಡುವುದು ಮಳೆಗೆ ನೀರು ಉಬ್ಬಿದಾಗ, ದಡದ ಜೊಂಡಿನಲ್ಲಿ ಮತ್ತು ನೀರು ನಿಂತ ಭತ್ತದ ಗದ್ದೆಗಳಲ್ಲಿ. ಮುಂಗಾರಿನ ಮೊದಲ ನೆರೆಗೆ ಹಳ್ಳದಿಂದ ಗದ್ದೆಗೆ ಏರಿಬರುವ ಹತ್ತುಮೀನನ್ನು ಕಂಡ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದ್ದೆಯ ಬೆಚ್ಚನೆಯ ನೀರಿನಲ್ಲಿ ಸೂಕ್ಷ್ಮಜೀವಿಗಳು ಹೇರಳ, ದೊಡ್ಡ ಮೀನಿನ ಭಯ ಕಡಿಮೆ. ಮರಿಗಳು ಬೆಳೆದು ಸರೋವರಕ್ಕೆ ಮರಳುತ್ತಿದ್ದವು.

ಈ ದಾರಿ ಒಂದೊಂದಾಗಿ ಮುಚ್ಚಿಹೋಯಿತು. ಸರೋವರದ ಬದಿಯ ಚಿಕ್ಕ ಹಿನ್ನೀರುಗಳನ್ನು ಒಣಗಿಸಿ ಹೊಲ ಮಾಡಲಾಯಿತು. ದಡಕ್ಕೆ ಕಾಂಕ್ರೀಟು ಬಂತು. ಕಾಲುವೆಗಳನ್ನು ಆಳ ತೋಡಿದ್ದರಿಂದ ಗದ್ದೆ ಎತ್ತರದಲ್ಲಿ ಉಳಿಯಿತು, ಮೀನು ಏರಲಾರದಾಯಿತು. ಉಳಿದ ಜೊಂಡಿನಲ್ಲಿ ಮೊಟ್ಟೆಯಿಟ್ಟರೆ, ಅದು ನೀರಿನ ಮೇಲ್ಪದರದಲ್ಲೇ ಎಲೆ ಬೇರುಗಳಿಗೆ ಅಂಟಿಕೊಂಡಿರುತ್ತದೆ. ಸರಿಯಾಗಿ ಅದೇ ಮೇ, ಜೂನ್‌ನಲ್ಲಿ ಒಡ್ಡಿನ ಬಾಗಿಲು ತೆರೆದು ನೀರು ಇಳಿದರೆ ಮೊಟ್ಟೆಗಳು ಒಣಗುತ್ತವೆ. ಬ್ಯಾಸ್‌ನ ಗೂಡು ಸಾಮಾನ್ಯವಾಗಿ ಅದಕ್ಕಿಂತ ಆಳದಲ್ಲಿರುವುದರಿಂದ ಹೊಡೆತ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಅಳಿದುಳಿದು ಹುಟ್ಟಿದ ಮರಿಗಳು ಹೊಸ ಮೀನುಗಳ ಬಾಯಿಗೆ ಹೋಗುತ್ತವೆ. ಹೀಗೆ ತಪ್ಪು ಒಬ್ಬರದಲ್ಲ. ಬ್ಯಾಸನ್ನು ಮಾತ್ರ ದೂರುವವರು ಒಡ್ಡನ್ನೂ ಕಾಂಕ್ರೀಟನ್ನೂ ಮರೆಯುತ್ತಾರೆ. ಒಡ್ಡನ್ನು ಮಾತ್ರ ದೂರುವ ಗಾಳದವರು ಬ್ಯಾಸ್‌ನ ಹಸಿವನ್ನು ಮರೆಯುತ್ತಾರೆ.

ಕಾನೂನು ಮತ್ತು ಬಾಗಿಲು

ಹಿಡಿದ ಬ್ಯಾಸನ್ನು ಜೋಪಾನವಾಗಿ ನೀರಿಗೆ ಮರಳಿ ಬಿಡುವುದು ಈ ಹವ್ಯಾಸದ ಶಿಷ್ಟಾಚಾರ. 2003ರಲ್ಲಿ ಜಾರಿಗೆ ಬಂದ ಷಿಗಾ ಪ್ರಾಂತ್ಯದ ಕಟ್ಟಳೆ ಅದನ್ನೇ ನಿಷೇಧಿಸಿತು. ಸಿಕ್ಕ ಬ್ಯಾಸ್, ಬ್ಲೂಗಿಲ್‌ಗಳನ್ನು ಹಾಕಲು ದಡದಲ್ಲಿ ಪೆಟ್ಟಿಗೆಗಳನ್ನಿಟ್ಟರು. ಕೆಲವು ಹವ್ಯಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರೂ ಗೆಲ್ಲಲಿಲ್ಲ. 2005ರಲ್ಲಿ ರಾಷ್ಟ್ರೀಯ ಕಾನೂನು ಬ್ಯಾಸ್‌ನ ಸಾಗಾಟ, ಸಾಕಣೆಗಳನ್ನೂ ತಡೆಯಿತು. ದೋಣಿ ಬಾಡಿಗೆಗೆ ಕೊಡುವವರು, ಗಾಳದ ಅಂಗಡಿಯವರು ಬದುಕುವುದು ಬ್ಯಾಸ್ ನಂಬಿ. ಬಲೆಯ ಬೆಸ್ತರು ಬದುಕುವುದು ಅದು ಕಡಿಮೆಯಾದರೆ. ದಡ ಒಂದೇ, ಹೊಟ್ಟೆಪಾಡು ಎರಡು.

ಪರಿಹಾರ ಹುಡುಕಿದವರು ನೀರಿನ ಕಡೆಗೂ ತಿರುಗಿದರು. ಜಪಾನಿನ ಕೆಲವು ಜಲಾಶಯಗಳಲ್ಲಿ ಬ್ಯಾಸ್ ಮೊಟ್ಟೆಯಿಡುವ ಹೊತ್ತಿಗೇ ನೀರು ಇಳಿಸಿ ಗೂಡುಗಳನ್ನು ಒಣಗಿಸಲಾಗುತ್ತದೆ. ಬಿವಾದಲ್ಲಿ ಮಾಡುತ್ತಿರುವುದು ಇದಕ್ಕೆ ವ್ಯತಿರಿಕ್ತ: ವಸಂತದ ಮಳೆಗೆ ಏರಿದ ನೀರನ್ನು ಒಮ್ಮೆಗೇ ಹರಿಯಬಿಡದೆ, ಸ್ಥಳೀಯ ಮೀನಿನ ಮೊಟ್ಟೆ ಒಡೆಯುವವರೆಗೆ ಕೆಲವು ದಿನ ತಡೆದಿಡುವ ಪ್ರಯತ್ನ. ರೈತರು ಕಾಲುವೆಗಳಲ್ಲಿ ಹಲಗೆಗಳನ್ನಿಟ್ಟು ಮೆಟ್ಟಿಲು ಮೆಟ್ಟಿಲಾಗಿ ನೀರು ಏರಿಸಿ, ಮೀನು ಮತ್ತೆ ಗದ್ದೆಗೆ ಬರುವಂತೆ ಮಾಡಿದ್ದಾರೆ. ಇಂಥ ಗದ್ದೆಗಳ ಅಕ್ಕಿಯನ್ನು ‘ಮೀನಿನ ತೊಟ್ಟಿಲು’ ಎಂಬ ಹೆಸರಿನಲ್ಲೇ ಮಾರುತ್ತಾರೆ. 2022ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬಿವಾ ಸೀಮೆಯ ಈ ಬೇಸಾಯ ಹಾಗೂ ಮೀನುಗಾರಿಕೆಯ ಪದ್ಧತಿಯನ್ನು ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು.

ಬ್ಯಾಸ್ ಪೂರ್ತಿ ನಿರ್ಮೂಲವಾಗುವ ಮಾತು ದೂರ. ಒಮ್ಮೆ ಬಿಟ್ಟ ಮೀನನ್ನು ಮರಳಿ ಕರೆಯಲಾಗದು. ಆದರೆ ಒಡ್ಡಿನ ಬಾಗಿಲು ಈಗಲೂ ಮನುಷ್ಯನ ಕೈಯಲ್ಲಿದೆ. ಒಸಾಕಾದ ಕುಡಿಯುವ ನೀರು, ದಡದ ಮನೆಗಳ ಸುರಕ್ಷೆ, ಜೊಂಡಿಗೆ ಅಂಟಿದ ಮೊಟ್ಟೆ, ಈ ಮೂರನ್ನೂ ತೂಗಿ ಅದನ್ನು ಯಾವ ದಿನ ತೆರೆಯಬೇಕೆಂಬುದು ಪ್ರತಿ ವಸಂತದಲ್ಲೂ ಹೊಸದಾಗಿ ಆಗಬೇಕಾದ ತೀರ್ಮಾನ.