ಸಣ್ಣ ಟ್ರೇಲರ್ ಎಳೆಯಲು ಪಿಕಪ್ ಆಯ್ಕೆ: ಎಳೆಯುವ ಬಲಕ್ಕಿಂತ ತಡೆಯುವ ಬಲ ಮುಖ್ಯ

ಮೂಡುಬಿದಿರೆಯಿಂದ ಮಿಜಾರು ಮಾರ್ಗವಾಗಿ ಮಂಗಳೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಪಿಕಪ್ ವಾಹನದ ಹಿಂದೆ ಕೊಂಡಿ ಹಾಕಿಕೊಂಡು ಸಾಗುವ ಜನರೇಟರ್‌ಗಳು, ಕಾಂಕ್ರೀಟ್ ಮಿಕ್ಸರ್‌ಗಳು, ಸಂಚಾರಿ ಕ್ಯಾಂಟೀನುಗಳು ಹೊಸ ನೋಟವೇನಲ್ಲ. ಕಂಬಳ, ಜಾತ್ರೆ, ಯಕ್ಷಗಾನ, ಮದುವೆಗಳ ಋತು ಬಂದಿತೆಂದರೆ ಧ್ವನಿ-ಬೆಳಕು ಮತ್ತು ಅಡುಗೆ ಗುತ್ತಿಗೆದಾರರಿಗೆ ಇಂತಹ ಟ್ರೇಲರ್ ಅನಿವಾರ್ಯ. ಆದರೆ ಅದನ್ನು ಎಳೆಯುವ ವಾಹನವನ್ನು ಕೊಳ್ಳುವಾಗ ನಮ್ಮಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಎಳೆಯುತ್ತದೆಯೇ?" ನಿಜವಾಗಿ ಕೇಳಬೇಕಾದ ಪ್ರಶ್ನೆ, "ಇಳಿಜಾರಿನಲ್ಲಿ ತಡೆದು ನಿಲ್ಲಿಸುತ್ತದೆಯೇ?" ಎಂಬುದು.

ಏರು ಮತ್ತು ಇಳಿಜಾರಿನ ಲೆಕ್ಕ

ಸರಕು ತುಂಬಿದ ಪಿಕಪ್ 2,800 ಕೆ.ಜಿ., ಹಿಂದಿನ ಜನರೇಟರ್ ಟ್ರೇಲರ್ 1,200 ಕೆ.ಜಿ. ಎಂದಿಟ್ಟುಕೊಳ್ಳೋಣ. ಒಟ್ಟು ಭಾರ 4,000 ಕೆ.ಜಿ. ಹದಿನಾರು ಅಡಿಗೆ ಒಂದು ಅಡಿಯಂತೆ ಏರುವ ರಸ್ತೆಯಲ್ಲಿ ಸುಮಾರು 250 ಕೆ.ಜಿ.ಯಷ್ಟು ಬಲ ಈ ಜೋಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಅದೇ ರಸ್ತೆಯಲ್ಲಿ ಇಳಿಯುವಾಗ ಅಷ್ಟೇ ಬಲ ಮುಂದಕ್ಕೆ ತಳ್ಳುತ್ತದೆ. ಏರುವಾಗ ಶಕ್ತಿ ಸಾಲದಿದ್ದರೆ ವಾಹನ ನಿಧಾನವಾಗುತ್ತದೆ, ಅಷ್ಟೆ. ಇಳಿಯುವಾಗ ಬ್ರೇಕ್ ಸಾಲದಿದ್ದರೆ ಅನಾಹುತ. ವೇಗವು ಗಂಟೆಗೆ 40ರಿಂದ 60 ಕಿ.ಮೀ.ಗೆ ಏರಿದರೆ, ಬ್ರೇಕ್ ಅಡಗಿಸಬೇಕಾದ ಚಲನ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಕಾರ್ಕಳ ದಾಟಿ ಮಾಳ ಘಾಟಿಯಲ್ಲಾಗಲಿ, ಬೆಳ್ತಂಗಡಿ ದಾಟಿ ಚಾರ್ಮಾಡಿಯಲ್ಲಾಗಲಿ ಸಾಗುವವರಿಗೆ ಈ ಲೆಕ್ಕ ಬರಿಯ ಪುಸ್ತಕದ ಮಾತಲ್ಲ.

ಆದ್ದರಿಂದ ಟ್ರೇಲರಿಗೇ ಬ್ರೇಕ್ ಇರುವುದು ಉತ್ತಮ. ಮುಂದಿನ ವಾಹನ ನಿಧಾನವಾದಾಗ ಟ್ರೇಲರ್ ಕೊಂಡಿಯನ್ನು ತಳ್ಳುವ ಒತ್ತಡದಿಂದಲೇ ಕೆಲಸ ಮಾಡುವ ಓವರ್‌ರನ್ ಬ್ರೇಕ್ ಸರಳವಾದ ವ್ಯವಸ್ಥೆ. ಟ್ರೇಲರ್ ತಯಾರಿಸುವ ನಮ್ಮ ಸಣ್ಣ ಉದ್ದಿಮೆದಾರರು ಇದರ ಖರ್ಚನ್ನು ಉಳಿಸುವ ಯೋಚನೆ ಮಾಡಬಾರದು. ಇನ್ನು ಚಾಲಕರ ಹಳೆಯ ನಿಯಮ ಇಂದಿಗೂ ಸತ್ಯ: ಯಾವ ಗೇರಿನಲ್ಲಿ ಹತ್ತಿದೆವೋ ಅದೇ ಗೇರಿನಲ್ಲಿ ಇಳಿಯಬೇಕು.

ಎಂತಹ ವಾಹನ?

2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಸಣ್ಣ ವ್ಯಾಪಾರಿಗಳ ಸಾಗಣೆಯ ರೂಪವನ್ನೇ ಬದಲಿಸಿತು. ಆದರೆ ಅದರ ಮೊದಲ ಮಾದರಿಯದು 702 ಸಿ.ಸಿ.ಯ, ಎರಡು ಸಿಲಿಂಡರಿನ, 16 ಅಶ್ವಶಕ್ತಿಯ ಎಂಜಿನ್. ಪೇಟೆಯೊಳಗೆ ಸರಕು ಹಂಚಲು ರೂಪಿಸಿದ ಇಂತಹ ವಾಹನದಿಂದ ಜನರೇಟರ್ ಎಳೆಸುವುದು ಸಲ್ಲದು. ಬೊಲೆರೊ ಪಿಕಪ್, ಟಾಟಾ ಯೋಧ ಮುಂತಾದವು ನಾಲ್ಕು ಸಿಲಿಂಡರಿನ, ಎರಡು ಲೀಟರಿಗಿಂತ ದೊಡ್ಡ ಡೀಸೆಲ್ ಎಂಜಿನ್ನಿನ, ಪ್ರತ್ಯೇಕ ಚಾಸಿಸ್ ಇರುವ ವಾಹನಗಳಾದ್ದರಿಂದ ಈ ಕೆಲಸಕ್ಕೆ ಹೆಚ್ಚು ಹತ್ತಿರವಾದವು. ಅಶ್ವಶಕ್ತಿಯ ಅಂಕಿಗಿಂತ ಕಡಿಮೆ ವೇಗದಲ್ಲಿ ದೊರೆಯುವ ತಿರುಚು ಬಲವನ್ನು, ಅಂದರೆ ಟಾರ್ಕನ್ನು, ಹೋಲಿಸಿ ನೋಡಬೇಕು. ಎಳೆಯಬಹುದಾದ ತೂಕ ಕೈಪಿಡಿಯಲ್ಲಿ ನಮೂದಾಗಿಲ್ಲದಿದ್ದರೆ ಮಾರಾಟಗಾರರ ಬಾಯಿಮಾತನ್ನು ನಂಬದೆ ಕಂಪನಿಯಿಂದ ಲಿಖಿತ ಉತ್ತರ ಪಡೆಯಬೇಕು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯೇರಿ ಓಡಿದಾಗಲೇ ಈ ಮಸಿ ಸುಟ್ಟುಹೋಗುವುದು. ದಿನವಿಡೀ ಎರಡು-ಮೂರು ಕಿಲೋಮೀಟರಿನ ಓಡಾಟವನ್ನಷ್ಟೇ ಮಾಡಿಸುವವರು ಆಗಾಗ ದೂರದ ಓಟವನ್ನೂ ಕೊಡಬೇಕು.

ಹಳೆಯ ವಾಹನ ಕೊಳ್ಳುವವರಿಗೆ ಕರಾವಳಿಯ ಒಂದು ವಿಶೇಷ ಎಚ್ಚರಿಕೆ ಇದೆ. ಮೀನು ಸಾಗಿಸಿದ ಪಿಕಪ್‌ಗಳ ಚಾಸಿಸ್ ಮೇಲೆ ಉಪ್ಪುನೀರು ಸುರಿದಿರುತ್ತದೆ. ಹೊಸ ಬಣ್ಣದ ಅಡಿಯಲ್ಲಿ ತುಕ್ಕು ಅಡಗಿರಬಹುದು. ಕೊಂಡಿ ಜೋಡಿಸುವ ಹಿಂಬದಿಯ ಅಡ್ಡಪಟ್ಟಿ ಮತ್ತು ಸ್ಪ್ರಿಂಗ್ ಹಿಡಿಕೆಗಳ ಸುತ್ತ ಸುತ್ತಿಗೆಯಿಂದ ತಟ್ಟಿ ಪರೀಕ್ಷಿಸಬೇಕು. ಏರಿನಲ್ಲಿ ಕ್ಲಚ್ ಜಾರುತ್ತದೆಯೇ ಎಂಬುದನ್ನು ಭಾರ ತುಂಬಿಯೇ ನೋಡಬೇಕು.

ಕೊಂಡಿಯ ಭಾರವೂ ಸರಕೇ

ಟ್ರೇಲರಿನ ತೂಕದ ಸುಮಾರು ಹತ್ತನೆಯ ಒಂದು ಭಾಗ ಕೊಂಡಿಯ ಮೇಲೆ ಕೂರುವಂತೆ ಸರಕನ್ನು ಜೋಡಿಸುವುದು ವಾಡಿಕೆ. ಭಾರ ಹಿಂದಕ್ಕೆ ಹೆಚ್ಚಾದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ. 1,200 ಕೆ.ಜಿ. ಟ್ರೇಲರಿನ ಕೊಂಡಿಯ ಭಾರ 120 ಕೆ.ಜಿ. ಇದು ಪಿಕಪ್ಪಿನ ಸರಕಿನ ಲೆಕ್ಕಕ್ಕೇ ಸೇರುತ್ತದೆ. ಉದಾಹರಣೆಗೆ ಜನ ಮತ್ತು ಸರಕು ಸೇರಿ 1,200 ಕೆ.ಜಿ. ಹೊರಬಲ್ಲ ವಾಹನದಲ್ಲಿ ಇಬ್ಬರ ತೂಕ 140, ಕೊಂಡಿಯ ಭಾರ 120 ಕಳೆದರೆ ತುಂಬಲು ಉಳಿಯುವುದು 940 ಕೆ.ಜಿ. ಮಾತ್ರ. ಕೊಂಡಿಯ ಭಾರವನ್ನು ಅರಿಯಲು ವೇ ಬ್ರಿಜ್ ಬೇಕಿಲ್ಲ. ಸಮತಟ್ಟಾದ ನೆಲದಲ್ಲಿ, ಗೋದಾಮಿನಲ್ಲಿ ಅಡಿಕೆ ಮೂಟೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿಯ ಮೇಲೆ ಟ್ರೇಲರಿನ ಮೂತಿಯನ್ನು ಇರಿಸಿದರೆ ಸಾಕು.

ದಾಖಲೆ, ವಿಮೆ, ತೆರಿಗೆ

1988ರ ಮೋಟಾರು ವಾಹನ ಅಧಿನಿಯಮದಲ್ಲಿ ಟ್ರೇಲರಿಗೆ ಪ್ರತ್ಯೇಕ ವ್ಯಾಖ್ಯೆಯೇ ಇದೆ. ಅದು ನೋಂದಣಿಯಿಲ್ಲದೆ ರಸ್ತೆಗಿಳಿಯುವಂತಿಲ್ಲ. ವಾಹನದ ಮೂಲ ರೂಪವನ್ನು ಬದಲಿಸುವುದಕ್ಕೆ ಅದೇ ಅಧಿನಿಯಮದ 52ನೆಯ ಕಲಮಿನಲ್ಲಿ ನಿರ್ಬಂಧವಿದೆ. ಆದಕಾರಣ ವೆಲ್ಡಿಂಗ್ ಅಂಗಡಿಯಲ್ಲಿ ಕೊಂಡಿ ಹಾಕಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು. ಅಧಿಕ ಭಾರಕ್ಕೆ 2019ರ ತಿದ್ದುಪಡಿಯು 20,000 ರೂ. ದಂಡವನ್ನೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ.ಗಳನ್ನೂ ನಿಗದಿಪಡಿಸಿದೆ. ಲಘು ವಾಹನ ಪರವಾನಗಿ ಉಳ್ಳವರು ಒಟ್ಟು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಚಲಾಯಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಆದರೂ ಟ್ರೇಲರಿನ ನೋಂದಣಿ ಸಂಖ್ಯೆಯನ್ನು ವಿಮಾ ಪಾಲಿಸಿಯಲ್ಲಿ ನಮೂದಿಸಿಕೊಳ್ಳುವುದನ್ನು ಮರೆಯಬಾರದು. ಅಪಘಾತದ ದಿನ ಪರಿಹಾರದ ಪ್ರಶ್ನೆ ತೀರ್ಮಾನವಾಗುವುದು ಈ ಒಂದು ಸಾಲಿನಿಂದಲೇ ಆಗಬಹುದು.

ಸರಕು ವಾಹನಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಸಾಮಾನ್ಯ ರೀತಿಯಲ್ಲಿ ನೋಂದಾಯಿತರಾಗಿ ತೆರಿಗೆ ವಿಧಿಸುವ ವ್ಯವಹಾರ ನಡೆಸುವವರು ಇಂತಹ ವಾಹನದ ಮೇಲೆ ಪಾವತಿಸಿದ ತೆರಿಗೆಗೆ ಹುಟ್ಟುವಳಿ ತೆರಿಗೆ ಜಮೆ ಪಡೆಯಲು ಅವಕಾಶವಿದೆ. ಆದರೆ ಆ ತೆರಿಗೆಯ ಮೊತ್ತವನ್ನೂ ಸೇರಿಸಿ ಸವಕಳಿ ಪಡೆದರೆ ಜಮೆ ದೊರೆಯದು. ಲೆಕ್ಕಪರಿಶೋಧಕರಿಗೆ ಇದನ್ನು ಮೊದಲೇ ತಿಳಿಸಬೇಕು.

ಕೊನೆಯದಾಗಿ, ಮಳೆಗಾಲ. ಜೂನ್ ಬರುವ ಮುನ್ನ ಟ್ರೇಲರಿನ ಚಕ್ರದ ಬೇರಿಂಗಿಗೆ ಗ್ರೀಸ್ ತುಂಬಿಸಿ, ಹಿಂದಿನ ದೀಪಗಳ ವಯರು-ಪ್ಲಗ್ಗುಗಳನ್ನು ಶುಚಿಗೊಳಿಸಿ, ಕೊಂಡಿ ಕಳಚಿದರೂ ಟ್ರೇಲರನ್ನು ಹಿಡಿದಿಡುವ ಸುರಕ್ಷಾ ಸರಪಳಿಯನ್ನು ಪರೀಕ್ಷಿಸಿರಬೇಕು. ಕಂತಿನಲ್ಲಿ ಕೊಂಡ ಪಿಕಪ್ ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ನಿಂತರೆ ಕಂತು ನಿಲ್ಲುವುದಿಲ್ಲ. ಆದಕಾರಣ ಐವತ್ತು ಸಾವಿರ ರೂಪಾಯಿ ಅಗ್ಗವಾಗಿ ಸಿಗುವ ವಾಹನಕ್ಕಿಂತ, ಬಿಡಿಭಾಗಗಳು ಮೂಡುಬಿದಿರೆ, ಬಂಟ್ವಾಳ, ಮಂಗಳೂರುಗಳಲ್ಲಿ ಅದೇ ದಿನ ದೊರೆಯುವ, ಭಾರವನ್ನು ಇಳಿಜಾರಿನಲ್ಲಿ ತಡೆದು ನಿಲ್ಲಿಸಬಲ್ಲ ವಾಹನವೇ ವ್ಯಾಪಾರಿಗೆ ನಿಜವಾದ ಅಗ್ಗ.